‘ರೇಟಾದ ಕೂಡ್ಲೆ ಫೋನ್ ಮಾಡಿ’: ಕಾಲ್‌ಬ್ಯಾಕ್ ಕಥೆ

ಹೋದ ಸಂಚಿಕೆ ಬಂದ ದಿನ ಯಲ್ಲಾಪುರ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು: "ನಿಮ್ಮ ಪೇಜಲ್ಲಿ ಪ್ಲೇ ಒತ್ತಿದ್ರೆ ನೀವು ಇಬ್ಬರಾಗ್ತೀರಿ ಮಾರಾಯ್ರೆ!" ನಿಜ. ನೆಟ್‌ವರ್ಕ್ ನಿಧಾನ ಇದ್ದಲ್ಲಿ ಮೊದಲ ಸಲ ಒತ್ತಿದಾಗ ಏನೂ ಆಗಲ್ಲ. ಇನ್ನೊಮ್ಮೆ ಒತ್ತುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಶುರು. ಆ ಸ್ಕ್ರಿಪ್ಟ್ ಬರೆದದ್ದು ನಾನೇ. ಬಿ.ಕಾಂ. ಓದಿದವರ ಕೋಡ್ ಅಂತ ನಗಬೇಡಿ, ತಪ್ಪು ಇದ್ದದ್ದು ಕಾಲ್‌ಬ್ಯಾಕ್ ನಿಭಾಯಿಸೋದ್ರಲ್ಲಿ.

ಸಿದ್ದಾಪುರದಿಂದ ಶಿರಸಿ ಮಂಡಿಗೆ ಅಡಿಕೆ ತಂದವರು ಟೆಂಡರ್ ಮುಗಿಯೋವರೆಗೆ ಅಲ್ಲೇ ಕೂರಬೇಕಂತಿಲ್ಲ. "ಚಾಲಿ ರೇಟಾದ ಕೂಡ್ಲೆ ಫೋನ್ ಮಾಡಿ" ಅಂತ ನಂಬರ್ ಕೊಟ್ಟು ಬಸ್ ಹತ್ತಬಹುದು. ಆ ನಂಬರೇ ಕಾಲ್‌ಬ್ಯಾಕ್. ಬ್ರೌಸರ್ ಕೂಡ ಹಾಗೇ: ಫೈಲಿಗೆ ಕಾಯ್ತಾ ಕೂರದೆ ಬೇರೆ ಕೆಲಸ ಮಾಡುತ್ತೆ, ಬಂದಾಗ ನಾವು ಕೊಟ್ಟ ಫಂಕ್ಷನ್ ಕರೆಯುತ್ತೆ.

ಕಷ್ಟ ಇರೋದು ಕರೆಯೋರ ಶಿಸ್ತಲ್ಲಿ. ಎರಡು ಸಲ ಫೋನ್ ಬಂದ್ರೆ? ಅಡಿಕೆ ಹೋಗದಿದ್ರೆ ಅದನ್ನಾದ್ರೂ ಹೇಳ್ತಾರಾ? ರೇಟಾದ ಮೇಲೆ ನಂಬರ್ ಕೊಟ್ಟವರಿಗೆ ಸುದ್ದಿ ಸಿಗುತ್ತಾ?

2006ರಲ್ಲಿ ಜಾನ್ ರೆಸಿಗ್ ತಂದ ಜೆಕ್ವೆರಿ ಲೈಬ್ರರಿಯಲ್ಲಿ ಮೊದಮೊದಲು ಸಕ್ಸೆಸ್‌ಗೊಂದು, ಎರರ್‌ಗೊಂದು ಫಂಕ್ಷನ್ ಮುಂಚೆಯೇ ಕೊಡಬೇಕಿತ್ತು. 2011ರ 1.5 ಆವೃತ್ತಿಯಲ್ಲಿ ‘ಡಿಫರ್ಡ್’ ಬಂತು: ಫಲಿತಾಂಶ ಒಮ್ಮೆ ತೀರ್ಮಾನ ಆದ್ರೆ ಬದಲಾಗಲ್ಲ, ತಡವಾಗಿ ನಂಬರ್ ಕೊಟ್ಟವರಿಗೂ ಅದೇ ಉತ್ತರ. ಆದ್ರೆ ಒಂದು ಕಾಲ್‌ಬ್ಯಾಕ್ ಒಳಗೆ ಎರರ್ ಆದ್ರೆ ಹಿಂದಿನವರಿಗೆ ಫೋನೇ ಹೋಗ್ತಿರಲಿಲ್ಲ. ಒಬ್ಬರ ಲೈನ್ ಕಟ್ಟಾಯ್ತು ಅಂತ ಗುಮಾಸ್ತ ಮನೆಗೆ ಹೋದ ಹಾಗೆ! ‘ದೆನ್’ ಬಳಸೋರಿಗೆ ಅದು 2016ರ 3.0ರಲ್ಲಿ ಸರಿಯಾಯ್ತು. ಅಷ್ಟರಲ್ಲಿ, 2015ರಲ್ಲೇ, ಇದೇ ಬಗೆಯ ‘ಪ್ರಾಮಿಸ್’ ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಬಂದಿತ್ತು.

ನಾನೂ ಪ್ರಾಮಿಸ್ ಬಳಸಿದ್ದೆ, ಸಾಕು ಅಂದ್ಕೊಂಡೆ. ಸಾಕಾಗಲಿಲ್ಲ. ಒಂದು ಪ್ರಾಮಿಸ್ ಎರಡು ಸಲ ಉತ್ತರ ಕೊಡಲ್ಲ, ಸರಿ. ಆದ್ರೆ ಎರಡು ಸಲ ಒತ್ತಿದ್ರೆ ಎರಡು ಪ್ರಾಮಿಸ್ ಹುಟ್ಟುತ್ತೆ, ಎರಡು ಲಾಟು ಅಡಿಕೆ ಇಳಿಸಿದ ಹಾಗೆ. ಇನ್ನೊಂದು ವಿಷಯ, ಉತ್ತರ ಬಂದೇ ಬರುತ್ತೆ ಅಂತ ಪ್ರಾಮಿಸ್ ಎಲ್ಲೂ ಮಾತು ಕೊಟ್ಟಿಲ್ಲ. ಹೆಸರು ಕೇಳಿ ಮೋಸ ಹೋಗೋದು ಸುಲಭ.

ಈಗ ಮೊದಲ ಪ್ರಾಮಿಸನ್ನೇ ಹಿಡಿದಿಟ್ಟು, ಎರಡನೇ ಒತ್ತಿಗೂ ಅದನ್ನೇ ಕೊಡ್ತೀನಿ. 20 ಸೆಕೆಂಡಲ್ಲಿ ಉತ್ತರ ಬರದಿದ್ರೆ ಆ ಡೌನ್‌ಲೋಡ್ ನಿಲ್ಲಿಸಿ, ಪ್ರಾಮಿಸ್ ಅಳಿಸಿ, "ಸಿಗಲಿಲ್ಲ, ಮತ್ತೆ ಒತ್ತಿ" ಅಂತ ಪೇಜೇ ಹೇಳುತ್ತೆ. ನಿಲ್ಲಿಸೋದು ಮರೆತ್ರೆ ಖಾಲಿಯಾಗೋದು ನಿಮ್ಮ ಡೇಟಾ, ನನ್ನದಲ್ಲ.