ಹಂದಿ, ಕಾಟಿ ಕಾಟಕ್ಕೆ ಯಾವ ಕೋವಿ? ರೈಫಲ್ ಆಸೆಗೆ ಬೀಳೋ ಮುಂಚೆ ಇದನ್ನ ಓದಿ

ಭತ್ತ ಹಾಲು ತುಂಬೋ ಹೊತ್ತಿಗೆ ಗದ್ದೆಗೆ ಹಂದಿ ಇಳಿಯುತ್ತೆ. ತೋಟಕ್ಕೆ ಕಾಟಿ ನುಗ್ಗಿದರೆ ಒಂದೇ ರಾತ್ರಿಗೆ ಅಡಿಕೆ ಸಸಿ ನೆಲಸಮ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಇದು ಪ್ರತಿ ವರ್ಷದ ಗೋಳು. ಹಾಗಾಗಿ ಕೋವಿ ಲೈಸೆನ್ಸ್ ಮಾಡಿಸೋ ವಿಚಾರ ಮತ್ತೆ ಮತ್ತೆ ಬರ್ತಾ ಇದೆ. ಅದರ ಜೊತೆ ಮೊಬೈಲ್‌ನಲ್ಲಿ ಅಮೆರಿಕದ ಬೇಟೆ ವಿಡಿಯೋ ನೋಡಿದವರ ಪ್ರಶ್ನೆ: ಎಲ್ಲಾ ಪ್ರಾಣಿಗೂ ಆಗೋ ಒಂದು ಒಳ್ಳೇ ರೈಫಲ್ ಯಾವುದು?

ಅಲ್ಲಿನ ಲೆಕ್ಕ ಬೇರೆ

ಅಮೆರಿಕದಲ್ಲಿ ಬಹಳ ಜನ ಹೇಳೋ ಹೆಸರು .30-06. ಗುಂಡಿನ ಅಳತೆ 0.30 ಇಂಚು, ಸೇನೆಗೆ ಬಂದ ವರ್ಷ 1906. ಜಿಂಕೆಯಿಂದ ಹಿಡಿದು ದೊಡ್ಡ ಮೂಸ್‌ವರೆಗೂ ಒಂದೇ ರೈಫಲ್ ಸಾಕಾಗುತ್ತೆ ಅನ್ನೋದು ಅದರ ಹೆಗ್ಗಳಿಕೆ. ಅಲ್ಲಿ ಸೀಸನ್ ಇದೆ, ಪರ್ಮಿಟ್ ಇದೆ, ಬೇಟೆ ಕಾನೂನುಬದ್ಧ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ಮುಗಿದ ಕತೆ. ಜಿಮ್ ಕಾರ್ಬೆಟ್‌ನ .275 ರಿಗ್ಬಿ, ಕೆನೆತ್ ಆಂಡರ್ಸನ್‌ನ .405 ವಿಂಚೆಸ್ಟರ್ ಎಲ್ಲಾ ಹಿಂದಿನ ಕಾಲದವು. ತೇಜಸ್ವಿಯವರ ಕನ್ನಡದಲ್ಲಿ ಆಂಡರ್ಸನ್ ಕತೆ ಓದಿ ಖುಷಿಪಡಬಹುದು, ಅದನ್ನ ನೋಡಿ ಕೋವಿ ಆರಿಸೋಕೆ ಆಗಲ್ಲ.

ಕಾಯ್ದೆ ಏನು ಕೊಡುತ್ತೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನಿಜವಾದ ಬೆಳೆ ರಕ್ಷಣೆಗೆ ಸಿಗೋದು ಮದ್ದು ತುಂಬೋ ಕೋವಿ, ಅಂದ್ರೆ ನಮ್ಮ ಕೇಪಿನ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ನಯ ನಳಿಕೆಯ ಕೋವಿ, ಅಂದ್ರೆ ತೋಟಾ ಕೋವಿಗೂ ಲೈಸೆನ್ಸ್ ಕೊಡಬಹುದು. ಬೆಳೆ ಕಾಯೋಕೆ ಅಂತ ಈ ಸೆಕ್ಷನ್ ಹೇಳೋ ಪಟ್ಟಿಯಲ್ಲಿ ರೈಫಲ್ ಇಲ್ಲ.

ರೈಫಲ್‌ನಲ್ಲೂ ಎರಡು ಜಾತಿ. .303, .308 ತರದವು ಸೇನೆಯ ಅಳತೆ, ಸಾಮಾನ್ಯರಿಗೆ ನಿಷಿದ್ಧ. .315, .30-06 ನಿಷಿದ್ಧ ಅಲ್ಲ. ಆದರೂ ಲೈಸೆನ್ಸ್ ಪುಸ್ತಕದಲ್ಲಿ ಯಾವ ಆಯುಧ ಬರೆದಿದೆಯೋ ಅದನ್ನೇ ಇಟ್ಕೋಬೇಕು.

12 ಬೋರ್ ಯಾಕೆ ಸರಿ?

ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಉಂಡೆ ಮಾಡಿದರೆ ಒಂದೊಂದರ ಅಗಲ ಎಷ್ಟೋ ಅಷ್ಟು ನಳಿಕೆಯ ಅಗಲ. ಅದೇ 12 ಬೋರ್, ಸುಮಾರು 18.5 ಮಿ.ಮೀ. ಇದರಲ್ಲಿ ಕೋವಿ ಒಂದೇ, ತೋಟಾ ಮಾತ್ರ ಬದಲಾಗುತ್ತೆ. ಸಣ್ಣ ಚರೆಯದ್ದೂ ಸಿಗುತ್ತೆ, ಎಸ್‌ಜಿ, ಎಲ್‌ಜಿ ಅನ್ನೋ ದಪ್ಪ ಚರೆಯದ್ದೂ ಸಿಗುತ್ತೆ. ಬಹುತೇಕ ದಿನ ಬೇಕಾಗೋದು ಹೆದರಿಸೋ ಸದ್ದು ಮಾತ್ರ.

ಇನ್ನೊಂದು ದೊಡ್ಡ ಕಾರಣ ದೂರ. ರೈಫಲ್ ಗುಂಡು ಗುರಿ ತಪ್ಪಿದರೆ ಎರಡು ಮೂರು ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ನಮ್ಮಲ್ಲಿ ಗದ್ದೆ ಆಚೆ ತೋಟ, ತೋಟದ ಆಚೆ ಮನೆ, ಅದರಾಚೆ ರಸ್ತೆ. ಚರೆ ಕೆಲವು ನೂರು ಮೀಟರ್ ಒಳಗೇ ಬೀಳುತ್ತೆ. ಅಷ್ಟರೊಳಗೂ ಮನುಷ್ಯರ ಜೀವಕ್ಕೆ ಅಪಾಯ ಇದ್ದೇ ಇದೆ ಅನ್ನೋದು ನೆನಪಿರಲಿ.

ಒಂಟಿ ನಳಿಕೆ (ಎಸ್‌ಬಿಬಿಎಲ್) ಹಗುರ, ರೇಟೂ ಕಮ್ಮಿ. ಜೋಡಿ ನಳಿಕೆ (ಡಿಬಿಬಿಎಲ್) ಭಾರ, ಆದರೆ ಎರಡನೇ ಈಡು ತಕ್ಷಣ ಕೈಯಲ್ಲಿರುತ್ತೆ. ಸದ್ದು ಮಾಡಿ ಓಡಿಸೋಕೆ ಒಂಟಿ ನಳಿಕೆಯೇ ಸಾಕು.

ಹಳೇ ಕೋವಿ ತಗೊಳ್ಳೋರು ತೋಟಾ ಕೂರೋ ಜಾಗದ ಅಳತೆ ಕೇಳಿ. 65 ಮಿ.ಮೀ. ಜಾಗಕ್ಕೆ 70 ಮಿ.ಮೀ. ತೋಟಾ ಹಾಕಬಾರದು, ಒತ್ತಡಕ್ಕೆ ನಳಿಕೆ ಸೀಳಬಹುದು. ಅಜ್ಜನ ಕಾಲದ ಕೋವಿ ಆದರೆ ತಿಳಿದವರಿಗೆ ತೋರಿಸದೆ ಈಡು ಹಾಕಬೇಡಿ.

ಲೈಸೆನ್ಸ್ ದಾರಿ

ವಯಸ್ಸು 21 ಆಗಿರಬೇಕು. ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ, ವರದಿ ನಿಮ್ಮ ಠಾಣೆಯಿಂದ. ಪಹಣಿ, ಬೆಳೆ ಹಾನಿಯ ದಾಖಲೆ ಇಟ್ಟರೆ ಅರ್ಜಿಗೆ ಬಲ. 2019ರ ತಿದ್ದುಪಡಿ ನಂತರ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರಿಗೆ ಗರಿಷ್ಠ 2 ಕೋವಿ. ಲೈಸೆನ್ಸ್‌ದಾರರು ತೀರಿಕೊಂಡರೆ ಕೋವಿಯನ್ನ ಅಟ್ಟದ ಮೇಲೆ ಇಟ್ಕೊಳ್ಳೋ ಹಾಗಿಲ್ಲ. ಠಾಣೆಗೋ ಪರವಾನಗಿ ಇರೋ ಅಂಗಡಿಗೋ ಒಪ್ಪಿಸಿ, ವಾರಸುದಾರರು ಅರ್ಜಿ ಹಾಕಬೇಕು. ಲೈಸೆನ್ಸ್ ಇಲ್ಲದ ಕೋವಿ ಸಿಕ್ಕರೆ 2ರಿಂದ 5 ವರ್ಷ ಜೈಲು.

ಕೊಡಗಿನ ಮಾತು ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಅದನ್ನ 2029ರವರೆಗೆ ವಿಸ್ತರಿಸಲಾಗಿದೆ. ನಮ್ಮ ಜಿಲ್ಲೆಗೆ ಅದು ಅನ್ವಯಿಸಲ್ಲ.

ಲೈಸೆನ್ಸ್ ಇದ್ದರೆ ಹೊಡೀಬಹುದಾ?

ಎಲ್ಲರೂ ಎಡವೋದು ಇಲ್ಲೇ. ಕೋವಿ ಲೈಸೆನ್ಸ್ ಅಂದ್ರೆ ಕೋವಿ ಇಟ್ಕೊಳ್ಳೋಕೆ ಅನುಮತಿ, ಪ್ರಾಣಿ ಕೊಲ್ಲೋಕೆ ಅಲ್ಲ. ಕಾಟಿ, ಆನೆ, ಚಿರತೆ, ನವಿಲು ಎಲ್ಲಾ ಮೊದಲ ಶೆಡ್ಯೂಲ್‌ನಲ್ಲಿವೆ. ಕೊಂದರೆ 3ರಿಂದ 7 ವರ್ಷ ಜೈಲು, ಕಮ್ಮಿ ಅಂದ್ರೂ 25 ಸಾವಿರ ದಂಡ. ಕಾಡುಹಂದಿ ಎರಡನೇ ಶೆಡ್ಯೂಲ್. ಬೆಳೆಗೆ ಅಪಾಯ ಅಂತ ಖಾತ್ರಿಯಾದರೆ ಅದನ್ನ ಹೊಡೆಯೋಕೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದರೆ ಕೇಸು. ಮೇಲೆ ಬಿದ್ದು ಜೀವಕ್ಕೇ ಬಂದಾಗ ಪ್ರಾಣ ಉಳಿಸಿಕೊಳ್ಳೋಕೆ ಹೊಡೆದರೆ ಮಾತ್ರ ಕಾಯ್ದೆಯ ರಕ್ಷಣೆ ಇದೆ.

ಹಂದಿ ದಾರಿಗೆ ಕೋವಿ ಕಟ್ಟೋದು, ಸಿಡಿಮದ್ದು ಇಡೋದು ಇನ್ನೂ ಅಪಾಯ. ಬೆಳಗ್ಗೆ ಆ ದಾರಿಯಲ್ಲಿ ಬರೋದು ಪಕ್ಕದ ಮನೆಯವರೋ, ಸೊಪ್ಪಿಗೆ ಹೋಗೋ ಹೆಂಗಸರೋ ಇರಬಹುದು. ಕತ್ತಲಲ್ಲಿ ಸೊಪ್ಪು ಅಲ್ಲಾಡಿತು ಅಂತ ಈಡು ಹಾರಿಸಿ, ಹಂದಿ ಅಂದ್ಕೊಂಡು ಮನುಷ್ಯರನ್ನೇ ಹೊಡೆದ ಪ್ರಕರಣ ಮಲೆನಾಡಿಗೆ ಹೊಸದಲ್ಲ. ಕಣ್ಣಿಗೆ ಪೂರ್ತಿ ಕಾಣದ್ದಕ್ಕೆ ಕೋವಿ ಎತ್ತಲೇಬಾರದು.

ಇವತ್ತೇ ಮಾಡಬಹುದಾದ್ದು

ಬೆಳೆ ಹಾಳಾದರೆ ಮೊದಲು ಫೋಟೋ ತೆಗೀರಿ, ವಲಯ ಅರಣ್ಯ ಕಚೇರಿಗೆ ತಿಳಿಸಿ, ಇ-ಪರಿಹಾರದಲ್ಲಿ ಅರ್ಜಿ ಹಾಕಿಸಿ. ಅದೇ ದಾಖಲೆ ಮುಂದೆ ಲೈಸೆನ್ಸ್‌ಗೂ ಕೆಲಸಕ್ಕೆ ಬರುತ್ತೆ. ಚುನಾವಣೆ ಬಂದಾಗ ಕೋವಿ ಠಾಣೆಗೆ ಒಪ್ಪಿಸೋ ಆದೇಶ ಬಂದರೆ, ಬೆಳೆ ಕಾರಣ ಬರೆದು ವಿನಾಯಿತಿ ಕೇಳಬಹುದು. ಒಪ್ಪಿಸಿದರೆ ರಸೀದಿ ಇಸ್ಕೊಳ್ಳೋದು ಮರೀಬೇಡಿ.