ಬರಹಕ್ಕೊಂದು ವೇಳೆ

ಬರೆಯುವ ಹಂಬಲ ಅನೇಕರಿಗುಂಟು. ಬಿಡುವಿಲ್ಲವೆಂಬುದೇ ಎಲ್ಲರ ದೂರು. ಆಂಗ್ಲ ಕಾದಂಬರಿಕಾರ ಆಂಟನಿ ಟ್ರಾಲೋಪನು (1815–1882) ಅಂಚೆ ಇಲಾಖೆಯ ಉದ್ಯೋಗದಲ್ಲಿದ್ದುಕೊಂಡೇ ಹಲವು ಕಾದಂಬರಿಗಳನ್ನು ರಚಿಸಿದನು. ಬೆಳಗಿನ 5–30ಕ್ಕೆ ಮೇಜಿನ ಮುಂದೆ ಕುಳಿತು, ಅರ್ಧ ಗಂಟೆ ಹಿಂದಿನ ದಿನದ ಬರಹವನ್ನೋದಿ, ಬಳಿಕ ಗಡಿಯಾರವನ್ನೆದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದನು. ಪ್ರತಿದಿನದ ಪುಟಗಳ ಲೆಕ್ಕವನ್ನು ದಿನಚರಿಯಲ್ಲಿ ಗುರುತಿಸುತ್ತಿದ್ದನು. ಸೋಮಾರಿತನದ ದಿನವೂ ಅಲ್ಲಿ ಎದ್ದು ಕಾಣುತ್ತಿದ್ದಿತು. 1883ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಇದನ್ನೋದಿದ ಕೆಲವರು, ಇದು ಕಲೆಯಲ್ಲ, ಕೂಲಿಯೆಂದು ಹಳಿದರು. ನಾವು ಹಾಗೆನ್ನಲಾರೆವು. ಮನಸ್ಸು ಬಂದಾಗಲೇ ಅಡಿಗೆ ಮಾಡುವೆನೆಂದರೆ ಮನೆ ನಡೆದೀತೇ? ಬರಹವೂ ಅಂತೆಯೇ. ನಮ್ಮ ವಾಚಕ ಸೋದರ ಸೋದರಿಯರು ದಿನಕ್ಕೆ ಅರ್ಧ ಗಂಟೆಯನ್ನಾದರೂ ಗೊತ್ತುಮಾಡಿಕೊಂಡು, ಬರೆದಷ್ಟನ್ನು ತಾರೀಖಿನೊಡನೆ ಗುರುತಿಸಿಡಲಿ. ಒಂದು ದಿನ ತಪ್ಪಿದರೆ ಮರುದಿನ ಅದೇ ವೇಳೆಗೆ ಮತ್ತೆ ಕುಳಿತರಾಯಿತು. ಬಿಡುವು ತಾನಾಗಿ ಬರುವುದಲ್ಲ, ನಾವು ಮಾಡಿಕೊಳ್ಳತಕ್ಕದ್ದು.