ಶೆಡ್ಡಿನಲ್ಲಿ ಮೂರು ಹಳೆ ಜೀಪು: ಮೊದಲ ಪಾಳಿ ಯಾವುದಕ್ಕೆ?

ಕೊಯಮತ್ತೂರು: ಅಜ್ಜ ಓಡಿಸುತ್ತಿದ್ದ ಎತ್ತರ ಬಾನೆಟ್ಟಿನ ಜೀಪು ಒಂದು. ಅಪ್ಪ ತೋಟಕ್ಕೆಂದು ತಂದ ಎಂಎಂ 540 ಇನ್ನೊಂದು. ಮಗ ಮಿಲಿಟರಿ ಹರಾಜಿನ ಗಾಡಿಯೆಂದು ಆಸೆಪಟ್ಟು ತಂದ ಜೋಂಗಾ ಮತ್ತೊಂದು. ಮೂರೂ ಶೆಡ್ಡಿನಲ್ಲಿ ಸಾಲಾಗಿ ನಿಂತಿವೆ, ಒಂದೂ ಓಡುವುದಿಲ್ಲ. ಕೈಯಲ್ಲಿರುವ ದುಡ್ಡು ಒಂದಕ್ಕೆ ಮಾತ್ರ ಸಾಕು. ‘ಅಜ್ಜಂದೇ ಮೊದ್ಲು ಆಗ್ಬೇಕು’ ಎಂದು ಒಬ್ಬರು, ‘ಓಡೋ ಗಾಡಿ ಮೊದ್ಲು, ನೋಡೋ ಗಾಡಿ ಆಮೇಲೆ’ ಎಂದು ಇನ್ನೊಬ್ಬರು!

ಪೊಳ್ಳಾಚಿಯಿಂದ ಪಲ್ಲಡದವರೆಗೆ ತೋಟ, ಮಗ್ಗ ನಂಬಿ ಬಾಳುವ ನಮ್ಮ ಯಾವ ಮನೆಯಲ್ಲಾದರೂ ನಡೆಯಬಹುದಾದ ಪಂಚಾಯಿತಿ ಇದು. ಗಾಡಿಯ ಹುಚ್ಚೂ ಈ ನೆಲಕ್ಕೆ ಹೊಸತಲ್ಲ. ಜಿ.ಡಿ. ನಾಯ್ಡು 1920ರಲ್ಲಿ ಒಂದೇ ಒಂದು ಬಸ್ಸಿಟ್ಟುಕೊಂಡು ಪೊಳ್ಳಾಚಿ-ಪಳನಿ ಹಾದಿಯಲ್ಲಿ ಸಾರಿಗೆ ಶುರುಮಾಡಿದವರು. ಅವಿನಾಶಿ ರಸ್ತೆಯಲ್ಲಿ 2015ರಲ್ಲಿ ತೆರೆದ ಜೀಡೀ ಕಾರ್ ಮ್ಯೂಸಿಯಂ ನೋಡಿ ಬಂದ ಹುಡುಗರಿಗೆ ಮನೆಯ ಶೆಡ್ಡೂ ಮ್ಯೂಸಿಯಂನಂತೆಯೇ ಕಂಡರೆ ಆಶ್ಚರ್ಯವಿಲ್ಲ. ಪಂಪು, ಮೋಟಾರು, ಎರಕದ ಕೆಲಸದ ಊರಾದ್ದರಿಂದ ಲೇತ್ ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಆದರೆ ಸ್ಪ್ಯಾನರ್ ಹಿಡಿಯುವ ಮುನ್ನ ಮಾಡಬೇಕಾದ ಕೆಲಸ ಬೇರೆಯೇ ಇದೆ.

ಯಾವುದು ಎಂಥದು?

ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ನಮ್ಮಲ್ಲಿ ಜೋಡಿಸಲು ತೊಡಗಿದ್ದು 1947ರಲ್ಲಿ. ಆಮೇಲೆ ಬಂದ ಸಿಜೆ 3ಬಿಯದು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್. ಗಾಳಿ ಒಳಬಿಡುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಬಿಡುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಎಂಜಿನ್ ಎತ್ತರವಾದ್ದರಿಂದಲೇ ಬಾನೆಟ್ಟೂ ಎತ್ತರ. 1980ರ ದಶಕದಲ್ಲಿ ಬಂದ ಎಂಎಂ 540ಗೆ ಪ್ಯೂಜೋ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್. ಮೂರರಲ್ಲಿ ಇದರ ಸಾಮಾನು ಸುಲಭ, ಕೈಯಾಡಿಸಿದ ಮೆಕ್ಯಾನಿಕ್‌ಗಳೂ ಹೆಚ್ಚು.

ಜೋಂಗಾ ಸೇನೆಗಾಗಿ ಜಬಲ್ಪುರದ ಕಾರ್ಖಾನೆಯಲ್ಲಿ ನಿಸ್ಸಾನ್ ಪಟ್ರೋಲ್ ಗಾಡಿಯ ಮಾದರಿಯಲ್ಲಿ 1969ರಿಂದ 1999ರವರೆಗೆ ತಯಾರಾದದ್ದು. ಆರು ಸಿಲಿಂಡರ್, ಸುಮಾರು 4 ಲೀಟರಿನ ಪೆಟ್ರೋಲ್ ಎಂಜಿನ್. ಗಾಡಿ ಗಟ್ಟಿ, ಹೊಟ್ಟೆಬಾಕತನವೂ ಅಷ್ಟೇ ಗಟ್ಟಿ!

ಮೊದಲು ಕಾಗದ

ಆರ್‌ಸಿ ಪುಸ್ತಕವಿಲ್ಲದ ಗಾಡಿಗೆ ಎಷ್ಟು ಸುರಿದರೂ ಅದು ಗೇಟು ದಾಟಿ ರಸ್ತೆಗಿಳಿಯುವ ಹಾಗಿಲ್ಲ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಚಾಮರಾಜನಗರ, ಮೈಸೂರು ಕಡೆಯ ನೆಂಟರಿಂದ ಬಂದ ಗಾಡಿಯಾದರೆ ಇನ್ನೂ ಒಂದು ಗಂಟು: ಬೇರೆ ರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲೇ ಇದ್ದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ನೋಂದಾಯಿಸಬೇಕು. ದಿಂಬಂ ಘಾಟಿಯ 27 ತಿರುವು ಇಳಿಸಿ ತಂದುಬಿಟ್ಟರೆ ಮುಗಿಯಲಿಲ್ಲ!

50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರ ಕೇಂದ್ರ ನಿಯಮ ವಿಂಟೇಜ್ ನೋಂದಣಿಯ ದಾರಿ ತೆರೆದಿದೆ. ನಂಬರಿನಲ್ಲಿ ‘ವಿಎ’ ಅಕ್ಷರ, ಶುಲ್ಕ 20,000 ರೂ., ಅವಧಿ 10 ವರ್ಷ. ಆದರೆ ಆ ನಂಬರಿನಲ್ಲಿ ದಿನಾ ತೋಟಕ್ಕೆ ಓಡಾಡುವಂತಿಲ್ಲ. ಪೆಟ್ರೋಲ್ ಖರ್ಚಿಗೆ ಹೆದರಿ ಹಿಂದೆಂದೋ ಡೀಸೆಲ್ ಎಂಜಿನ್ ಕೂರಿಸಿದ ಜೀಪು ಮೂಲರೂಪದ್ದು ಅನ್ನಿಸಿಕೊಳ್ಳುವುದೂ ಕಷ್ಟ. ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿದೆಯೇ ಎಂದು ಮೊದಲು ನೋಡಿ.

ಆಮೇಲೆ ತುಕ್ಕು

ಎಂಜಿನ್ ಕೆಟ್ಟರೆ ರಿಪೇರಿಯುಂಟು, ಚಾಸಿ ಕರಗಿದರೆ ಕತೆ ಮುಗಿದಂತೆ. ಸ್ಪ್ರಿಂಗ್ ಕೂರುವ ಜಾಗ, ಅಡ್ಡಪಟ್ಟಿ, ಬ್ಯಾಟರಿಯ ಅಡಿ ಇವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಎಂದರೆ ಸರಿ, ಡಬ್ ಎಂದರೆ ಒಳಗೆ ಪೊಳ್ಳು. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ತೆಳು ಎಣ್ಣೆ ಬಿಟ್ಟು, ನಾಲ್ಕು ದಿನ ಬಿಟ್ಟು ಕೈಯಲ್ಲೇ ತಿರುಗಿಸಿ. ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್ ನೋಡದೆ ಪೇಂಟಿಗೆ ಕೈಹಾಕಬೇಡಿ. ನಾಲ್ಕೂ ಚಕ್ರ ಎಳೆಯದಿದ್ದರೆ ಅದು ಬರೀ ಬಣ್ಣದ ಗಾಡಿ. ಮತ್ತೆ, ಹೊರಡುವುದಕ್ಕಿಂತ ಮೊದಲು ನಿಲ್ಲುವುದನ್ನು ಸರಿಮಾಡಿ: ಬ್ರೇಕ್ ಸಿಲಿಂಡರ್, ಹೋಸ್ ಎಲ್ಲ ಹೊಸದಾಗಲಿ.

ತೀರ್ಪು ಏನು?

ಮೊದಲು ಉಳಿಸುವುದು ಬೇರೆ, ಮೊದಲು ಓಡಿಸುವುದು ಬೇರೆ. ಈ ಎರಡನ್ನು ಒಂದೇ ಅಂದುಕೊಳ್ಳುವುದೇ ಮನೆಜಗಳಕ್ಕೆ ಮೂಲ.

ಮೊದಲು ಉಳಿಸಬೇಕಾದದ್ದು ಅಜ್ಜನ ಜೀಪು. ಅದಕ್ಕೆ ದೊಡ್ಡ ಖರ್ಚಿಲ್ಲ. ಸೋರದ ಸೂರು, ಚಕ್ರ ನೆಲದಿಂದ ಮೇಲೆ, ಹಳೆ ಪೆಟ್ರೋಲ್ ಹೊರಗೆ, ಚಾಸಿಗೆ ಎಣ್ಣೆ, ಇಲಿ ನುಗ್ಗದಂತೆ ಜಾಲರಿ. ಇಷ್ಟಾದರೆ ಅದು ಇನ್ನಷ್ಟು ವರ್ಷ ಕಾಯುತ್ತದೆ. ಮೊದಲು ಓಡಿಸಬೇಕಾದದ್ದು ಎಂಎಂ 540. ಅದು ತೋಟದ ಕೆಲಸಕ್ಕೂ ಆಗುತ್ತದೆ, ಕೈಗೂ ಕೆಲಸ ಕಲಿಸುತ್ತದೆ. ಆ ಕಲಿತ ಕೈ ಆಮೇಲೆ ಅಜ್ಜನ ಜೀಪಿಗೆ ಬರಲಿ. ಜೋಂಗಾ ಕೊನೆಗೆ.

ಒಂದು ವಿಷಯ ಮಾತ್ರ ಈ ಸರದಿಗೆ ಕಾಯುವುದಿಲ್ಲ. ಜೀಪು ಅಜ್ಜನ ಹೆಸರಿನಲ್ಲೇ ಇದ್ದು, ಅಜ್ಜ ಇನ್ನೂ ಇದ್ದರೆ, ಹೆಸರು ಬದಲಾವಣೆಗೆ ಅವರದೊಂದು ಸಹಿ ಸಾಕು. ಅವರಿಲ್ಲದ ಮೇಲಾದರೆ ಫಾರಂ 31, ಮರಣಪತ್ರ, ವಾರಸುದಾರರೆಲ್ಲರ ಒಪ್ಪಿಗೆ ಎಂದು ಓಡಾಡಬೇಕು. ಎಂಜಿನ್ ಯಾವಾಗ ಇಳಿಸಿದ್ದು, ಹಳೆ ಕಾರ್ಬೊರೇಟರ್ ಯಾವ ಅಟ್ಟದಲ್ಲಿದೆ ಎಂಬುದನ್ನು ಯಾವ ಫಾರಮ್ಮೂ ಹೇಳುವುದಿಲ್ಲ.

ಹಾಗಾಗಿ ಈ ಭಾನುವಾರ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು, ಅಜ್ಜನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಸೀಟಿನಲ್ಲಿ ಕೂರಿಸಿ. ಗಾಡಿ ಆಮೇಲೆ ಓಡಲಿ, ಮಾತು ಮೊದಲು ಹೊರಡಲಿ.